ಅಡಿಕೆ ಕದ್ದ ಹುಡುಗ ಜೈಲಿಗೆ ಹೋಗುವುದು ಬೇಡ, ಸುಮ್ನೆ ಬಿಡುವುದೂ ಬೇಡ. ಬೇರೆ ದಾರಿ ಇದೆಯಾ?

ತೋಟದವ, ಬದಿಯಡ್ಕ ಹತ್ತಿರ

ಎಲ್ಲರಿಗೂ ನಮಸ್ಕಾರ. ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಅಡಿಕೆ ತೋಟ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಕಳೆದ ಜನವರಿಯಲ್ಲಿ ನಮ್ಮಲ್ಲಿಂದ ಸುಲಿದ ಚಾಲಿ ಅಡಿಕೆ ಕಳವಾಯಿತು. ಜಾಸ್ತಿ ಏನಲ್ಲ, ಗೋಣಿಯ ಅಡಿಭಾಗದಲ್ಲಿ ಉಳಿದಿದ್ದ 11 ಕಿಲೋ. ನಮ್ಮ ಗೋಣಿಗಳ ಮೇಲೆ ಅಪ್ಪನ ಕಾಲದಿಂದಲೂ ನೀಲಿ ಬಣ್ಣದಲ್ಲಿ ಒಂದು ಗುರುತು ಹಾಕುವ ಕ್ರಮ ಇದೆ. ಎರಡನೇ ದಿನ ಪೇಟೆಯ ಅಡಿಕೆ ವ್ಯಾಪಾರಿಯೊಬ್ಬರು ಫೋನ್ ಮಾಡಿದರು. "ನಿಮ್ಮ ಗುರುತಿನ ಗೋಣಿ ಒಬ್ಬ ಹುಡುಗ ತಂದಿದ್ದಾನೆ, ನೀವೇ ಕಳಿಸಿದ್ದಾ?" ಅಂತ. ಅಷ್ಟರಲ್ಲಿ ನಾನು ಸ್ಟೇಷನ್ನಿಗೆ ಹೋಗಿ ದೂರು ಕೊಟ್ಟಾಗಿತ್ತು. ಹುಡುಗ ಸಿಕ್ಕಿಬಿದ್ದ, ಅಡಿಕೆ ಪೂರ್ತಿ ಸಿಕ್ಕಿತು.

ಅವನು ಯಾರೋ ಅಲ್ಲ. ನಮ್ಮ ತೋಟದ ಕೆಳಗಿನ ಮನೆಯವ. ವಯಸ್ಸು 19. ತಂದೆ ಇಲ್ಲ, ತಾಯಿ ನಮ್ಮಲ್ಲಿಗೇ ಅಡಿಕೆ ಹೆಕ್ಕಲು ಬರುತ್ತಿದ್ದರು. ಮೊಬೈಲಿನ ಸಾಲದ ಆಪ್‌ನಲ್ಲಿ ಸಾಲ ತೆಗೆದಿದ್ದನಂತೆ, ಅವರು ತಾಯಿಯ ನಂಬರಿಗೂ ಫೋನ್ ಮಾಡಿ ಕೆಟ್ಟದಾಗಿ ಬೈಯಲು ಶುರು ಮಾಡಿದ್ದರಂತೆ. ಇದೆಲ್ಲ ನನಗೆ ಗೊತ್ತಾದದ್ದು ಕೇಸ್ ಆದ ಮೇಲೆ. ದೂರು ಕೊಡುವಾಗ ಗೊತ್ತಿದ್ದರೆ ಕೊಡುತ್ತಿರಲಿಲ್ಲವೋ ಏನೋ. ಆದರೂ ಕದ್ದದ್ದು ಕದ್ದದ್ದೇ. ಈ ವರ್ಷ ಕೊಳೆರೋಗದಲ್ಲಿ ಅರ್ಧ ಬೆಳೆ ಹೋಗಿದೆ. ಉಳಿದದ್ದನ್ನು ಒಣಗಿಸಿ ಸುಲಿದು ಇಟ್ಟರೆ ಅದನ್ನೂ ಹೊತ್ತುಕೊಂಡು ಹೋದಾಗ ಹೊಟ್ಟೆ ಉರಿಯುತ್ತದೆ ಅಲ್ವಾ?

ಈಗ ಚಾರ್ಜ್‌ಶೀಟ್ ಆಗಿದೆ. ಕೋರ್ಟಿನಿಂದ ಅವನಿಗೆ ಸಮನ್ಸ್ ಬಂದಿದೆ. ತಾಯಿ ಮೊನ್ನೆ ನಮ್ಮ ಮನೆಗೆ ಬಂದು ಜಗಲಿಯ ಕೆಳಗೇ ನಿಂತರು, ಮೇಲೆ ಬನ್ನಿ ಅಂದರೂ ಬರಲಿಲ್ಲ. ಊರಿನಲ್ಲಿ ಒಬ್ಬರು ಮೂರು ವರ್ಷ ಜೈಲು ಅನ್ನುತ್ತಾರೆ, ಇನ್ನೊಬ್ಬರು ದಂಡ ಕಟ್ಟಿದರೆ ಮುಗಿಯಿತು ಅನ್ನುತ್ತಾರೆ. ದಂಡ ಹಾಕಿದರೆ ಕಟ್ಟುವುದು ಆ ಹೆಂಗಸು, ಹುಡುಗ ಅಲ್ಲ. ಜೈಲಿಗೆ ಹಾಕಿದರೆ ಹೊರಗೆ ಬರುವಾಗ ಅವನು ಯಾವ ಅವಸ್ಥೆಯಲ್ಲಿ ಇರುತ್ತಾನೋ, ನಮ್ಮ ತೋಟದ ಕೆಳಗೇ ಇರಬೇಕಾದವನು. ಕೇಸ್ ವಾಪಸ್ ತೆಗೆದುಬಿಟ್ಟರೆ ಇವರಲ್ಲಿ ಕದ್ದರೆ ಏನೂ ಆಗುವುದಿಲ್ಲ ಅಂತ ಆಗುತ್ತದೆ.

ಜೈಲು, ದಂಡ ಎರಡೂ ಅಲ್ಲದ ಏನಾದರೂ ಶಿಕ್ಷೆ ನಮ್ಮ ಕಾನೂನಿನಲ್ಲಿ ಇದೆಯಾ? ದೂರು ಕೊಟ್ಟವನು ನಾನು, ಅದನ್ನು ಕೇಳುವ ಅಧಿಕಾರ ನನಗಿದೆಯಾ? ಗೊತ್ತಿದ್ದವರು ಹೇಳಿ.

ಕುಂಬಳೆ ಅಂಗಡಿ

ಅಣ್ಣಾ, ನಿಮ್ಮ ಮನಸ್ಸು ಒಳ್ಳೆಯದು, ಆದರೆ ನನ್ನ ಅನುಭವ ಹೇಳುತ್ತೇನೆ, ಬೇಸರ ಮಾಡಬೇಡಿ.

ನನ್ನದು ಚಿಕ್ಕ ಜೀನಸಿನ ಅಂಗಡಿ. ಎರಡು ವರ್ಷದಲ್ಲಿ ನಾಲ್ಕು ಸಲ ಕಳವಾಯಿತು. ಮೊದಲನೇ ಸಲ ಹುಡುಗನ ಮನೆಯವರು ಬಂದು ಕೈಮುಗಿದರು, ಬಿಟ್ಟೆ. ಎರಡನೇ ಸಲ ಬಂದದ್ದು ಅವನೇ. ಆಗ ಅವನ ಮನೆಯವರು ನನ್ನ ಮೇಲೇ ಸಿಟ್ಟಾದರು, ಪೊಲೀಸಿಗೆ ಹೋಗಿ ನಮ್ಮ ಮರ್ಯಾದೆ ತೆಗೆದಿರಿ ಅಂತ. ಕಳ್ಳತನ ಮಾಡಿದವನಿಗೆ ಮಾತ್ರ ಕಷ್ಟ ಇರುವುದಲ್ಲ. ರಾತ್ರಿ ಎರಡು ಗಂಟೆಗೆ ಶಟರ್ ಸದ್ದಾಯಿತೋ ಅಂತ ಎದ್ದು ಕೂರುವ ನನಗೂ, ನನ್ನ ಹೆಂಡತಿಗೂ ಇದೆ. ಅದಕ್ಕೆ ಯಾರೂ ಲೆಕ್ಕ ಇಡುವುದಿಲ್ಲ.

ಈ ಜೈಲು ಬೇಡ, ಬೇರೆ ಶಿಕ್ಷೆ ಕೊಡಿ ಅನ್ನುವುದು ಕೊನೆಗೆ ಎಲ್ಲಿಗೆ ಬರುತ್ತದೆ ಅಂತ 2024ರ ಮೇಯಲ್ಲಿ ಪುಣೆಯಲ್ಲಿ ನೋಡಲಿಲ್ವಾ? ಕಾರು ಗುದ್ದಿ ಇಬ್ಬರು ಸತ್ತರು, ಹುಡುಗನಿಗೆ 300 ಪದದ ಪ್ರಬಂಧ ಬರೆಯಲು ಹೇಳಿದರು. ದುಡ್ಡಿದ್ದವರಿಗೆ ಪ್ರಬಂಧ, ಇಲ್ಲದವರಿಗೆ ಜೈಲು, ಹಾಗೆ ಆಗುವುದು.

ಜೈಲಿಗೆ ಹಾಕುವುದು ಬೇಡವಾದರೆ ಚೀಮೇನಿಯ ತೆರೆದ ಜೈಲಿನ ಹಾಗೆ ಕೆಲಸ ಮಾಡಿಸಲಿ. ಬೆವರು ಸುರಿದರೆ ಬೆಲೆ ಗೊತ್ತಾಗುತ್ತದೆ. ನನ್ನ ಅಭಿಪ್ರಾಯ ಅಷ್ಟೇ.

ವಿದ್ಯಾನಗರ ವಕೀಲೆ

ತೋಟದವ ಅಣ್ಣಾ, ದಾರಿ ಇದೆ. ಒಂದಲ್ಲ, ಮೂರು ಇವೆ. ಆದರೆ ನಾನು ಮೊದಲು ಕೇಳಬೇಕಾದ್ದು ಬೇರೆ: ಆ ಗೋಣಿ ಇದ್ದದ್ದು ಅಂಗಳದಲ್ಲೋ, ಜಗಲಿಯಲ್ಲೋ, ಒಳಗೋ? ದೂರಿನಲ್ಲಿ ಎಷ್ಟು ಬೆಲೆ ಅಂತ ಬರೆಸಿದ್ದೀರಿ?

ಸುಮ್ನೆ ಕೇಳುತ್ತಿಲ್ಲ. ಈಗಿನ ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅದರಲ್ಲಿ ಸಾಮಾನ್ಯ ಕಳವಿಗೆ 303(2). ಮೂರು ವರ್ಷದವರೆಗೆ ಸಜೆ ಅಥವಾ ದಂಡ ಅಥವಾ ಎರಡೂ. ಆದರೆ ಅದರ ಕೆಳಗೇ ಒಂದು ವಿನಾಯಿತಿ ಇದೆ. ಕದ್ದ ಮಾಲು 5,000 ರೂಪಾಯಿಗಿಂತ ಕಡಿಮೆ ಬೆಲೆಯದ್ದಾಗಿದ್ದು, ಶಿಕ್ಷೆಯಾಗುತ್ತಿರುವುದು ಮೊದಲ ಸಲವಾಗಿದ್ದು, ಮಾಲನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದ್ದರೆ, ಶಿಕ್ಷೆ ಸಮುದಾಯ ಸೇವೆ, ಅಂದರೆ ಸಂಬಳ ಇಲ್ಲದೆ ಸಮಾಜಕ್ಕೆ ಒಳ್ಳೆಯದಾಗುವ ಕೆಲಸ. ಕೊಟ್ಟರೂ ಕೊಡಬಹುದು ಅಂತ ಅಲ್ಲ, ಅದನ್ನೇ ಕೊಡಬೇಕು ಅಂತಲೇ ಬರೆದಿದೆ. ಹಿಂದಿನ ಐಪಿಸಿಯಲ್ಲಿ ಈ ಶಿಕ್ಷೆಯೇ ಇರಲಿಲ್ಲ. ಈಗ ಆರು ಅಪರಾಧಗಳಿಗೆ ಇದೆ. ಕುಡಿದು ಸಾರ್ವಜನಿಕ ಜಾಗದಲ್ಲಿ ಗಲಾಟೆ ಮಾಡುವುದು, ಮಾನನಷ್ಟ ಇವೆಲ್ಲ ಅದರಲ್ಲಿ ಸೇರುತ್ತವೆ.

ಆದರೆ ಮನೆಯೊಳಗಿನಿಂದ ಅಥವಾ ಸಾಮಾನು ಇಡುವ ಕಟ್ಟಡದಿಂದ ಕದ್ದರೆ ಕಲಂ 305. ಅದಕ್ಕೆ ಏಳು ವರ್ಷದವರೆಗೆ ಸಜೆ, ಅಲ್ಲಿ ಸಮುದಾಯ ಸೇವೆಯ ಮಾತೇ ಇಲ್ಲ. ಅದೇ 11 ಕಿಲೋ ಅಡಿಕೆ ಅಂಗಳದಲ್ಲಿದ್ದರೆ ಒಂದು ಲೆಕ್ಕ, ಅಡಿಕೆ ಕೊಟ್ಟಿಗೆಯಲ್ಲಿದ್ದರೆ ಇನ್ನೊಂದು. ಹಾಗಾಗಿ ಚಾರ್ಜ್‌ಶೀಟಿನಲ್ಲಿ ಯಾವ ಕಲಂ ಹಾಕಿದ್ದಾರೆ ನೋಡಿ.

ಎರಡನೇ ದಾರಿ ರಾಜಿ. 303(2) ಕಳವು ರಾಜಿಯಾಗುವ ಅಪರಾಧ. ರಾಜಿ ಮಾಡಿಕೊಳ್ಳುವ ಹಕ್ಕು ಮಾಲಿನ ಯಜಮಾನನದ್ದು, ಅಂದರೆ ನಿಮ್ಮದು. ಕೇಸ್ ನಡೆಸುವ ಕ್ರಮ ಹೇಳುವ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 359ರಲ್ಲಿ ಇದು ಇದೆ. ರಾಜಿಯಾದರೆ ಹುಡುಗ ಖುಲಾಸೆ ಆದ ಹಾಗೆ. 305 ಹಾಕಿದ್ದರೆ ಇಲ್ಲಿ ರಾಜಿ ಆಗುವುದಿಲ್ಲ, ಎರ್ನಾಕುಳಂನ ಹೈಕೋರ್ಟಿಗೇ ಹೋಗಬೇಕು.

ಮೂರನೆಯದು ಪ್ರೊಬೇಷನ್. ಇದು ಹೊಸದಲ್ಲ, 1958ರ ಕಾನೂನು, ಆದರೆ ಕೋರ್ಟಿಗೆ ಬರುವ ಎಷ್ಟೋ ಮನೆಯವರಿಗೆ ಹೀಗೊಂದು ಇದೆ ಅಂತಲೇ ಗೊತ್ತಿರುವುದಿಲ್ಲ. ತಪ್ಪು ಸಾಬೀತಾದರೂ ಸಜೆ ಕೊಡದೆ, ಒಳ್ಳೆಯ ನಡತೆಯಲ್ಲಿ ಇರುತ್ತೇನೆ ಅಂತ ಮುಚ್ಚಳಿಕೆ ಬರೆಸಿ ಬಿಡುವುದು. ಮುಚ್ಚಳಿಕೆಯ ಅವಧಿ ಹೆಚ್ಚೆಂದರೆ ಮೂರು ವರ್ಷ. ಕೋರ್ಟು ಹೇಳಿದರೆ ಪ್ರೊಬೇಷನ್ ಅಧಿಕಾರಿಯ ಕಣ್ಗಾವಲಿನಲ್ಲಿ ಇರಬೇಕು. ನಿಮ್ಮ ಹುಡುಗನಿಗೆ 19 ಅಂದಿರಲ್ಲ, 21 ತುಂಬದವರ ವಿಷಯದಲ್ಲಿ ಕಲಂ 6 ಇನ್ನೂ ಗಟ್ಟಿ. ಪ್ರೊಬೇಷನ್ ಅಧಿಕಾರಿಯಿಂದ ವರದಿ ತರಿಸದೆ, ಕಾರಣ ಬರೆಯದೆ ಕೋರ್ಟು ಅವನನ್ನು ಜೈಲಿಗೆ ಕಳಿಸುವಂತಿಲ್ಲ.

ಕುಂಬಳೆ ಅಣ್ಣನಿಗೆ ಒಂದು ಮಾತು. ಪುಣೆಯಲ್ಲಿ ಆ ಪ್ರಬಂಧ ಶಿಕ್ಷೆ ಆಗಿರಲಿಲ್ಲ, ಬಾಲನ್ಯಾಯ ಮಂಡಳಿ ಜಾಮೀನಿಗೆ ಹಾಕಿದ ಶರ್ತ. ಎರಡು ಜೀವ ಹೋದ ಪ್ರಕರಣವನ್ನೂ 11 ಕಿಲೋ ಅಡಿಕೆಯನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ. ಚೀಮೇನಿಗೆ ಕಳಿಸುವುದು ದೊಡ್ಡ ಶಿಕ್ಷೆಯಲ್ಲಿ ಒಂದಷ್ಟು ಕಾಲ ಒಳಗಿದ್ದು ಒಳ್ಳೆಯ ನಡತೆ ತೋರಿಸಿದವರನ್ನು, ಮೊದಲ ದಿನವೇ ಯಾರನ್ನೂ ಅಲ್ಲಿಗೆ ಹಾಕುವುದಿಲ್ಲ. ಆದರೆ ನಿಮ್ಮ ಎರಡನೇ ಸಲದ ಮಾತು ಸರಿ, ಕಾನೂನು ಕೂಡ ಅದನ್ನು ಬೇರೆಯಾಗಿಯೇ ನೋಡುತ್ತದೆ. ಕಳವಿನಲ್ಲಿ ಎರಡನೇ ಸಲ ಶಿಕ್ಷೆಯಾದರೆ ಕನಿಷ್ಠ ಒಂದು ವರ್ಷ ಕಠಿಣ ಸಜೆ, ಐದು ವರ್ಷದವರೆಗೂ ಹೋಗಬಹುದು. ಸಮುದಾಯ ಸೇವೆಯ ರಿಯಾಯಿತಿ ಮೊದಲ ಸಲಕ್ಕೆ ಮಾತ್ರ.

ಪೆರ್ಲದ ತಂಗಿ

ನಾನು ಸಾಮಾನ್ಯವಾಗಿ ಇಲ್ಲಿ ಓದುವುದು ಮಾತ್ರ, ಬರೆಯುವುದು ಕಡಿಮೆ. ಇವತ್ತು ಬರೆಯದೆ ಇರಲು ಆಗಲಿಲ್ಲ.

ನನ್ನ ಅಣ್ಣ ಲೋಡಿಂಗ್ ಕೆಲಸದವನು. ಸಾರಡ್ಕದ ಗಡಿ ದಾಟಿದರೆ ಅಂಗಡಿಯಲ್ಲೇ ಸಿಗುವ ಕರ್ನಾಟಕದ ಮದ್ಯದ ಪ್ಯಾಕೆಟ್‌ಗಳನ್ನು ಇಲ್ಲಿಗೆ ತಂದು ಮಾರಿದ್ದು ಅವನ ತಪ್ಪು. ಅದನ್ನು ನಾನು ಮುಚ್ಚಿಡುವುದಿಲ್ಲ. ಗಡಿಯ ಆಚೆ ಬಿಲ್ಲು ಹಾಕಿ ಕೊಡುವ ಪ್ಯಾಕೆಟ್ ಈಚೆ ತಂದ ಕೂಡಲೇ ಅಬ್ಕಾರಿ ಕೇಸ್. ಕೇರಳದ ಅಬ್ಕಾರಿ ಕಾಯ್ದೆಯಲ್ಲಿ ಇದಕ್ಕೆ ಹತ್ತು ವರ್ಷದವರೆಗೆ ಸಜೆ, ಜೊತೆಗೆ ದಂಡ 1 ಲಕ್ಷಕ್ಕೆ ಕಡಿಮೆ ಆಗುವಂತಿಲ್ಲ. ಕಡಿಮೆ ಮಾಡಬೇಕು ಅಂತ ಜಡ್ಜಿಗೆ ಅನ್ನಿಸಿದರೂ ಆಗುವುದಿಲ್ಲ, ಕಾನೂನೇ ಹಾಗೆ.

ಅಣ್ಣನಿಗೆ ಒಂದು ವರ್ಷ ಸಜೆ, 1 ಲಕ್ಷ ದಂಡ, ದಂಡ ಕಟ್ಟದಿದ್ದರೆ ಮತ್ತೆ ಮೂರು ತಿಂಗಳು. ಒಂದು ವರ್ಷ ಕಣ್ಣೂರಿನ ಜೈಲಿನಲ್ಲಿ ಕಳೆದ. ದಂಡಕ್ಕೆ ಅತ್ತಿಗೆ ಎರಡು ಕಡೆ ಕೇಳಿದರು, ಕರಿಮಣಿ ಬಿಟ್ಟು ಬೇರೆ ಚಿನ್ನ ಇರಲಿಲ್ಲ. ಅಮ್ಮ ಹೇಳಿದರು, ಅದನ್ನು ಮುಟ್ಟಬೇಡ, ಮೂರು ತಿಂಗಳು ಅವನೇ ಇರಲಿ ಅಂತ. ಇದ್ದ. ಅವನ ಜೊತೆಗೆ ಅದೇ ಕಲಂನಲ್ಲಿ ಒಳಗಿದ್ದ ಇನ್ನೊಬ್ಬ ದಂಡ ಕಟ್ಟಿ ಹೊರಗೆ ಹೋದ. ಆ ಮೂರು ತಿಂಗಳು ಅಣ್ಣ ಅನುಭವಿಸಿದ್ದು ಮದ್ಯ ತಂದದ್ದಕ್ಕಲ್ಲ, ದುಡ್ಡು ಇಲ್ಲದ್ದಕ್ಕೆ. ಇದನ್ನು ನಾನು ಯಾರಿಗೆ ಹೇಳಿದರೂ ಅರ್ಥವಾಗುವುದಿಲ್ಲ, ತಪ್ಪು ಮಾಡಿದ್ದಾನೆ ಅನುಭವಿಸಲಿ ಅನ್ನುತ್ತಾರೆ.

ಹೊರಗೆ ಬಂದ ಮೇಲೆ ಅಣ್ಣ ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ, ಈಗಲೂ ಕಡಿಮೆ. ಅವನ ಮಗಳು ಆಗ ಎರಡನೇ ಕ್ಲಾಸು. ಅಪ್ಪ ಎಲ್ಲಿ ಅಂತ ಕೇಳಿದರೆ ಗಲ್ಫಿನಲ್ಲಿ ಅಂತ ಹೇಳಿಕೊಟ್ಟಿದ್ದೆವು. ನಮ್ಮ ಕಡೆ ಎಲ್ಲರ ಅಪ್ಪಂದಿರೂ ಗಲ್ಫಿನಲ್ಲಿ ಇರುತ್ತಾರಲ್ಲ, ಯಾರಿಗೂ ಸಂಶಯ ಬರಲಿಲ್ಲ. ಆದರೆ ಗಲ್ಫಿನಿಂದ ಬರುವವರು ಚಾಕಲೇಟು ತರುತ್ತಾರೆ. ಅಣ್ಣ ಬರುವ ದಿನ ಅತ್ತಿಗೆ ಕಾಸರಗೋಡು ಬಸ್‌ಸ್ಟ್ಯಾಂಡಿನಲ್ಲಿ ಚಾಕಲೇಟು ತೆಗೆದು ಅವನ ಕೈಯಲ್ಲಿ ಕೊಟ್ಟು ಮನೆಗೆ ಕರೆದುಕೊಂಡು ಬಂದರು.

ತೋಟದವ ಅಣ್ಣಾ, ನಿಮಗೆ ದಾರಿ ಇದ್ದರೆ ಬಿಡಬೇಡಿ.

ನರ್ಸ್ ಅಕ್ಕ, ಈಗ ಜರ್ಮನಿಯಲ್ಲಿ

ಪೆರ್ಲದ ತಂಗಿ, ಓದಿ ತುಂಬಾ ಹೊತ್ತು ಸುಮ್ನೆ ಕೂತೆ. ನನ್ನ ಊರು ಮಂಜೇಶ್ವರ. ಇಲ್ಲಿಗೆ ಬಂದು ಆರು ವರ್ಷವಾಯಿತು. ದಂಡದ ವಿಷಯ ಬಂತಲ್ಲ, ಇಲ್ಲಿನ ಕ್ರಮ ಹೇಳುತ್ತೇನೆ.

ಇಲ್ಲಿ ಕೋರ್ಟು ದಂಡವನ್ನು ರೂಪಾಯಿ ಲೆಕ್ಕದಲ್ಲಿ ಅಲ್ಲ, ದಿನದ ಲೆಕ್ಕದಲ್ಲಿ ಹಾಕುತ್ತದೆ. ತಪ್ಪು ಎಷ್ಟು ದೊಡ್ಡದು ಅನ್ನುವುದಕ್ಕೆ ಎಷ್ಟು ದಿನ ಅಂತ ನಿಶ್ಚಯವಾಗುತ್ತದೆ, 5ರಿಂದ 360 ದಿನದವರೆಗೆ. ಒಂದು ದಿನಕ್ಕೆ ಎಷ್ಟು ಅನ್ನುವುದು ಆ ಮನುಷ್ಯನ ದಿನದ ಆದಾಯ ನೋಡಿ. 1 ಯೂರೋದಿಂದ 30,000 ಯೂರೋದವರೆಗೆ ಹೋಗಬಹುದು. ಒಂದೇ ತಪ್ಪಿಗೆ ಇಬ್ಬರಿಗೂ 20 ದಿನ ಅಂದರೆ ಕೂಲಿಯವನು ತನ್ನ 20 ದಿನದ ದುಡಿಮೆ ಕೊಡುತ್ತಾನೆ, ಶ್ರೀಮಂತ ತನ್ನ 20 ದಿನದ್ದು. ಇದನ್ನು ಮೊದಲು ಮಾಡಿದ್ದು ಫಿನ್‌ಲೆಂಡ್, 1921ರಲ್ಲೇ. ಅಲ್ಲಿ 2002ರಲ್ಲಿ ನೋಕಿಯಾ ಕಂಪನಿಯ ಒಬ್ಬ ನಿರ್ದೇಶಕರು 50 ಕಿಮೀ ವೇಗದ ರಸ್ತೆಯಲ್ಲಿ 75ರಲ್ಲಿ ಮೋಟಾರ್‌ಸೈಕಲ್ ಓಡಿಸಿದ್ದಕ್ಕೆ 1,16,000 ಯೂರೋ ದಂಡ ಬಿದ್ದಿತ್ತು.

ಎಲ್ಲ ಚೆನ್ನಾಗಿದೆ ಅಂತಲ್ಲ. ದಂಡ ಕಟ್ಟದಿದ್ದರೆ ಇಲ್ಲಿಯೂ ಜೈಲೇ. ಟಿಕೆಟ್ ಇಲ್ಲದೆ ಟ್ರಾಮಿನಲ್ಲಿ ಹೋಗಿ ಸಿಕ್ಕಿ, ದಂಡ ಕಟ್ಟಲಾಗದೆ ಒಳಗೆ ಹೋದವರು ಇದ್ದಾರೆ, ಹೆಚ್ಚಿನವರು ಮನೆ ಇಲ್ಲದವರು, ಕುಡಿತದ ಕಾಯಿಲೆಯವರು. ಹಿಂದೆ ಒಂದು ದಿನದ ದಂಡಕ್ಕೆ ಒಂದು ದಿನ ಜೈಲು ಇತ್ತು, 2024ರ ಫೆಬ್ರವರಿಯಿಂದ ಎರಡು ದಿನದ ದಂಡಕ್ಕೆ ಒಂದು ದಿನ ಅಂತ ಮಾಡಿದ್ದಾರೆ. ಜೈಲಿನ ಬದಲು ಇಷ್ಟು ಗಂಟೆ ಸಾರ್ವಜನಿಕ ಕೆಲಸ ಮಾಡುತ್ತೇನೆ ಅಂತ ಕೇಳಿಕೊಳ್ಳುವ ಅವಕಾಶವೂ ಇದೆ. ಆ ಕಾಗದ ಓದಿ, ಅರ್ಥ ಮಾಡಿಕೊಂಡು, ಉತ್ತರ ಬರೆಯುವ ಶಕ್ತಿ ಇರುವವರಿಗೆ ಅದು ಸಿಗುತ್ತದೆ. ಲಕೋಟೆ ಒಡೆಯಲೂ ಹೆದರುವವರಿಗೆ ಸಿಗುವುದಿಲ್ಲ.

ನಮ್ಮಲ್ಲಿಯೂ ಅದೇ ಅಲ್ವಾ. ನಮ್ಮ ಕಡೆಯವರಿಗೆ ಬರುವ ಕಾಗದ ಮಲಯಾಳದಲ್ಲಿ. ಆ ಹುಡುಗ ಕನ್ನಡ ಶಾಲೆಯಲ್ಲಿ ಕಲಿತವನಾಗಿದ್ದರೆ ಅವನಿಗೆ ಸಮನ್ಸ್ ಓದಲು ಬರುತ್ತದಾ?

ತೋಟದವ, ಬದಿಯಡ್ಕ ಹತ್ತಿರ

ಎಲ್ಲರಿಗೂ ತುಂಬಾ ಉಪಕಾರ. ವಕೀಲರೇ, ನಿಮ್ಮ ಪ್ರಶ್ನೆ ನೋಡಿ ಎದೆ ಧಸಕ್ಕೆಂದಿತು.

ಗೋಣಿ ಇದ್ದದ್ದು ಅಂಗಳದಲ್ಲಿ, ತುಳಸಿಕಟ್ಟೆಯ ಪಕ್ಕ ಟಾರ್ಪಾಲಿನ ಅಡಿಯಲ್ಲಿ. ಇದರಲ್ಲಿ ಸಂಶಯವೇ ಇಲ್ಲ, ಅಲ್ಲಿ ಬಿಟ್ಟವನು ನಾನೇ. ಆದರೆ ಎಫ್‌ಐಆರ್ ಮಲಯಾಳದಲ್ಲಿದೆ. ನನಗೆ ಮಲಯಾಳ ಮಾತಾಡಲು ಬರುತ್ತದೆ, ಬಸ್ಸಿನ ಬೋರ್ಡು ಓದುತ್ತೇನೆ, ಅದಕ್ಕಿಂತ ಜಾಸ್ತಿ ಇಲ್ಲ. ಅಂದು ಬರೆದುಕೊಂಡರು, ಸಹಿ ಹಾಕಿ ಅಂದರು, ಹಾಕಿದೆ. ಇವತ್ತು ಬೆಳಗ್ಗೆ ಮಲಯಾಳ ಶಾಲೆಯಲ್ಲಿ ಕಲಿಯುವ ಅಕ್ಕನ ಮಗಳಿಂದ ಓದಿಸಿದೆ. "ಮನೆಯಿಂದ" ಅಂತ ಬರೆದಿದ್ದಾರೆ. ಬೆಲೆ 6,000 ಅಂತ ಇದೆ. ಅದು ನಾನೇ ಹೇಳಿದ್ದು, ಸಿಟ್ಟಿನಲ್ಲಿ ಅಂದಾಜಿಗೆ ಹೇಳಿದ್ದು. ಆಮೇಲೆ ತೂಗಿದಾಗ 11 ಕಿಲೋ ಇತ್ತು. ಆ ದಿನದ ದರ ಕಿಲೋಗೆ 420, ಅಂದರೆ 4,620 ರೂಪಾಯಿ. ನನ್ನ ಬಾಯಿಯಿಂದ ಬಂದ ಒಂದು ಮಾತಿನಿಂದ ಅವನು 5,000ದ ಗೆರೆ ದಾಟಿಬಿಟ್ಟ.

ಇದನ್ನು ಸರಿ ಮಾಡಲು ಆಗುತ್ತದಾ? ಹೇಳಿಕೆ ಬದಲಾಯಿಸಿದರೆ ನಾನು ಸುಳ್ಳು ದೂರು ಕೊಟ್ಟ ಹಾಗೆ ಆಗುವುದಿಲ್ಲವಾ?

ಇನ್ನೊಂದು. ರಾಜಿ, ಸಮುದಾಯ ಸೇವೆ, ಪ್ರೊಬೇಷನ್, ಇದರಲ್ಲಿ ಅವನಿಗೆ ಯಾವುದು ಒಳ್ಳೆಯದು? ಅವನ ಮಾವ ದುಬೈಯಲ್ಲಿ ಇದ್ದಾರೆ, ಇವನನ್ನು ಕರೆಸಿಕೊಳ್ಳುವ ಯೋಚನೆ ಇತ್ತಂತೆ.

ವಿದ್ಯಾನಗರ ವಕೀಲೆ

ಹೆದರಬೇಡಿ. ನಿಜ ಹೇಳುವುದಕ್ಕೆ ಹೇಳಿಕೆ ಬದಲಾಯಿಸುವುದು ಅನ್ನುವುದಿಲ್ಲ. ಅಡಿಕೆ ಎಲ್ಲಿ ಇತ್ತು, ತೂಕ ಎಷ್ಟು, ಆ ದಿನ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊದ ದರ ಎಷ್ಟು ಅನ್ನುವುದನ್ನು ಇದ್ದದ್ದು ಇದ್ದ ಹಾಗೆ ಕೋರ್ಟಿನಲ್ಲಿ ಹೇಳಿ. ತೂಕದ ಚೀಟಿ ಇದ್ದರೆ ಜೋಪಾನ. ಒಂದು ಅಕ್ಷರ ಹೆಚ್ಚು ಕಡಿಮೆ ಮಾಡಬೇಡಿ, ಅವನ ಮೇಲಿನ ಕನಿಕರಕ್ಕೂ ಮಾಡಬೇಡಿ. ಬೆಲೆ ಅಷ್ಟು ಮುಖ್ಯ ಯಾಕೆ ಅಂದರೆ, 5,000ಕ್ಕಿಂತ ಕೆಳಗಿನ ಕಳವಿನಲ್ಲಿ ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆಯನ್ನೇ ಮಾಡುವಂತಿಲ್ಲ. ನಿಮ್ಮ 6,000ದಿಂದಾಗಿ ಕೇಸ್ ನೇರವಾಗಿ ದಾಖಲಾಯಿತು. ದೂರು ಬರೆದುಕೊಂಡ ಮೇಲೆ ಅದನ್ನು ನಿಮಗೆ ಓದಿ ಹೇಳಬೇಕು ಅಂತ ಕಾನೂನಿದೆ. ಇಲ್ಲಿನ ಕನ್ನಡದವರಿಗೆ ನನ್ನದು ಒಂದೇ ಬೇಡಿಕೆ: ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಡಿ, ಓದಿ ಹೇಳಿ ಅಂತ ಕೇಳಿ, ಐದು ನಿಮಿಷ ತಡವಾದರೂ ಪರವಾಗಿಲ್ಲ. ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯುವ ಹಕ್ಕನ್ನು ನಮ್ಮ ತಾಲೂಕುಗಳ ಕನ್ನಡಿಗರಿಗೆ 1969ರ ಕೇರಳದ ಅಧಿಕೃತ ಭಾಷಾ ಕಾನೂನೇ ಕೊಟ್ಟದ್ದು. ಬಳಸದಿದ್ದರೆ ಅದು ಪುಸ್ತಕದಲ್ಲೇ ಉಳಿಯುತ್ತದೆ.

ಯಾವುದು ಒಳ್ಳೆಯದು ಅಂತ ಕೇಳಿದಿರಿ. ಇದು ನಿಜವಾಗಿ ಕಷ್ಟದ ಪ್ರಶ್ನೆ. ಸಮುದಾಯ ಸೇವೆ ಅಂದರೂ ಅದು ಶಿಕ್ಷೆಯೇ, ತಪ್ಪಿತಸ್ಥ ಅಂತ ತೀರ್ಪು ಆಗುತ್ತದೆ. ಗಲ್ಫಿಗೆ ಹೋಗಲು ಪೊಲೀಸ್ ಕ್ಲಿಯರೆನ್ಸ್ ಕೇಳುವಾಗ ಅದು ತೊಂದರೆ ಮಾಡಬಹುದು. ಪ್ರೊಬೇಷನ್‌ನಲ್ಲಿ ಬಿಟ್ಟರೆ ಆ ಶಿಕ್ಷೆಯಿಂದ ಬರುವ ಅನರ್ಹತೆ ತಟ್ಟುವುದಿಲ್ಲ ಅಂತ ಅದೇ ಕಾನೂನಿನ ಕಲಂ 12 ಹೇಳುತ್ತದೆ, ಆದರೂ ತೀರ್ಪು ತೀರ್ಪೇ. ರಾಜಿಯಾದರೆ ಮಾತ್ರ ಖುಲಾಸೆ, ಹೆಸರು ಚೊಕ್ಕ. ಆದರೆ ರಾಜಿಯಲ್ಲಿ ಅವನು ಏನೂ ಮಾಡಬೇಕಾಗಿಲ್ಲ, ನೀವು ಹೇಳಿದ "ಸುಮ್ನೆ ಬಿಟ್ಟ ಹಾಗೆ" ಆಗಬಹುದು. ಹುಡುಗನ ಮುಂದಿನ ಬದುಕಿಗೆ ಯಾವುದು ಒಳ್ಳೆಯದೋ ಅದು ನಿಮ್ಮ ಮನಸ್ಸಿಗೆ ಸಮಾಧಾನ ಕೊಡುವುದಿಲ್ಲ.

ನಾನಾದರೆ ರಾಜಿಯನ್ನೇ ನೋಡುತ್ತೇನೆ, ಆದರೆ ಬರಿಯ ಕಾಗದದ ರಾಜಿ ಅಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಎದುರುಬದುರು ಕೂತು ಮಾತಾಡಿ. ಅವನು ನಿಮ್ಮ ಮುಖ ನೋಡಿ ಹೇಳಲಿ, ನೀವೂ ಹೇಳಿ. 15100ಕ್ಕೆ ಫೋನ್ ಮಾಡಿದರೆ ಉಚಿತ ಕಾನೂನು ನೆರವಿನ ವಿವರ ಸಿಗುತ್ತದೆ. ಒಂದು ಎಚ್ಚರಿಕೆ: ಕದ್ದದ್ದಕ್ಕೆ ನಮ್ಮ ತೋಟದಲ್ಲಿ ಇಷ್ಟು ದಿನ ಪುಕ್ಕಟೆ ಕೆಲಸ ಮಾಡಲಿ ಅಂತ ಮಾತ್ರ ಒಪ್ಪಂದ ಮಾಡಬೇಡಿ. ಅದು ಜೀತ ಆಗುತ್ತದೆ. ಮಾಡುವುದಿದ್ದರೆ ಊರಿಗೆ ಉಪಯೋಗ ಆಗುವ ಕೆಲಸ, ಅವನ ಮನಸ್ಸಿನಿಂದ, ಅಷ್ಟೇ.

ಮುಳ್ಳೇರಿಯಾ ಮಾಷ್ಟ್ರು

ಮೂವತ್ತೊಂದು ವರ್ಷ ಕನ್ನಡ ಶಾಲೆಯಲ್ಲಿದ್ದವನು, ನಿವೃತ್ತನಾಗಿ ಈಗ ಹಾಸಿಗೆ ಹಿಡಿದ ರೋಗಿಗಳನ್ನು ನೋಡಿಕೊಳ್ಳುವ ಪಾಲಿಯೇಟಿವ್ ತಂಡದ ಜೊತೆ ಮನೆಮನೆಗೆ ಹೋಗುತ್ತೇನೆ.

ಶಾಲೆಯಲ್ಲಿ ಒಮ್ಮೆ ಒಂಬತ್ತನೇ ಕ್ಲಾಸಿನ ಹುಡುಗ ಪಂಪಿನ ತಾಮ್ರದ ವಯರು ಕಿತ್ತು ಗುಜರಿಗೆ ಮಾರಿದ. ಟಿಸಿ ಕೊಡಿ ಅಂತ ಎಲ್ಲರೂ ಹೇಳಿದರು. ನಾನು ವಯರಿಂಗಿನವರನ್ನು ಕರೆಸಿ, ರಿಪೇರಿ ಆಗುವವರೆಗೆ ಇವನೇ ಸಹಾಯಕ ಅಂದೆ. ಮೂರು ದಿನ ನೀರಿಲ್ಲದೆ ಚಿಕ್ಕ ಮಕ್ಕಳು ಕೊಡದಲ್ಲಿ ಬಾವಿಯಿಂದ ಹೊತ್ತು ತಂದರು. ಅವನು ಗೋಡೆಗೆ ಏಣಿ ಹಿಡಿದು ನಿಂತು ಅದನ್ನು ನೋಡುತ್ತಿದ್ದ. ನಾಲ್ಕನೇ ದಿನ ಪಂಪು ಹಾಕಿದಾಗ ಟಾಂಕಿಗೆ ನೀರು ಬೀಳುವ ಸದ್ದು ಕೇಳಿ ಮೊದಲು ಓಡಿದವನು ಅವನೇ. ಈಗ ಅವನಿಗೆ ಅದೇ ಕೆಲಸ, ನಮ್ಮ ಮನೆಯ ವಯರಿಂಗ್ ಅವನದ್ದೇ.

ಎಲ್ಲರಿಗೂ ಹೀಗೆ ಆಗುವುದಿಲ್ಲ, ಅದನ್ನೂ ಹೇಳಬೇಕು. ಇನ್ನೊಬ್ಬನಿಗೆ ಲೈಬ್ರರಿಯ ಪುಸ್ತಕಗಳಿಗೆ ಬೈಂಡ್ ಹಾಕುವ ಕೆಲಸ ಕೊಟ್ಟೆ. ಎರಡು ದಿನ ಬಂದ, ಮೂರನೇ ದಿನ ಬರಲಿಲ್ಲ, ಶಾಲೆಗೇ ಬರಲಿಲ್ಲ. ನಾನು ಅವನ ಮನೆಗೆ ಹೋಗಬೇಕಿತ್ತು, ಹೋಗಲಿಲ್ಲ, ಪರೀಕ್ಷೆಯ ಗಡಿಬಿಡಿಯಲ್ಲಿದ್ದೆ. ಕೆಲಸ ಕೊಟ್ಟರೆ ಸಾಲದು, ಜೊತೆಗೆ ಒಬ್ಬ ಮನುಷ್ಯ ಇರಬೇಕು. ಪ್ರೊಬೇಷನ್ ಅಧಿಕಾರಿಯ ಕೆಲಸ ಅದೇ. ಒಬ್ಬರು ಎಷ್ಟು ಜನರ ಬೆನ್ನ ಹಿಂದೆ ಇರಲು ಸಾಧ್ಯ ಹೇಳಿ.

ಯಾವ ಕೆಲಸ, ಎಷ್ಟು ಗಂಟೆ ಅಂತ ಹೊಸ ಸಂಹಿತೆಯಲ್ಲಿ ಬರೆದಿಲ್ಲ. ಸಂಬಳ ಇಲ್ಲದೆ, ಸಮಾಜಕ್ಕೆ ಒಳ್ಳೆಯದಾಗುವ ಕೆಲಸ ಅಂತ ಮಾತ್ರ ಇದೆ. ಇಂಗ್ಲೆಂಡಿನಲ್ಲಿ 1972ರ ಕಾನೂನಿನಲ್ಲಿ ಇದನ್ನು ತಂದಾಗ 40ರಿಂದ 240 ಗಂಟೆ ಅಂತ ಗೆರೆ ಹಾಕಿದ್ದರು. ನಮ್ಮಲ್ಲಿಯೂ ಹಾಗೆ ಗೆರೆ ಬೇಕು. ಇಲ್ಲದಿದ್ದರೆ ಒಂದು ಕೋರ್ಟಿನಲ್ಲಿ ಎರಡು ದಿನ ಕಸ ಗುಡಿಸುವುದು, ಇನ್ನೊಂದರಲ್ಲಿ ಎರಡು ತಿಂಗಳು ಅಂತ ಆಗುತ್ತದೆ.

ಕಸ ಗುಡಿಸುವ ವಿಷಯದಲ್ಲಿ ನನಗೆ ಹೆದರಿಕೆ ಇದೆ. ಅವನನ್ನು ಪೇಟೆಯ ನಡುವೆ ಪೊರಕೆ ಹಿಡಿಸಿ ನಿಲ್ಲಿಸಿದರೆ ಹತ್ತು ಜನ ವಿಡಿಯೋ ತೆಗೆಯುತ್ತಾರೆ, ಸಂಜೆಯೊಳಗೆ ಎಲ್ಲ ವಾಟ್ಸಾಪ್ ಗುಂಪುಗಳಲ್ಲಿ ಇರುತ್ತದೆ. ಜೈಲಿನಲ್ಲಿ ನಾಲ್ಕು ಗೋಡೆಯಾದರೂ ಇರುತ್ತದೆ. ಮತ್ತೆ, ಪೊರಕೆ ಹಿಡಿಯುವುದೇ ಶಿಕ್ಷೆ ಅಂತಾದರೆ ದಿನಾ ಬೆಳಗ್ಗೆ ಮನೆಮನೆಯಿಂದ ಪ್ಲಾಸ್ಟಿಕ್ ಸಂಗ್ರಹಿಸುವ ಹರಿತ ಕರ್ಮ ಸೇನೆಯ ಹೆಂಗಸರು ಯಾವ ತಪ್ಪು ಮಾಡಿದ್ದಾರೆ? ಅವರ ಅನ್ನದ ಕೆಲಸವನ್ನು ನಾವು ಅವಮಾನ ಮಾಡಬಾರದು.

ನನ್ನ ಸಲಹೆ ಬೇರೆ. ನಮ್ಮ ಕಡೆ ಮಳೆ ನಿಂತು ತೋಡಿನ ನೀರು ಇಳಿಯುವಾಗ ನೀರು ನಿಲ್ಲಿಸಲು ಅಡ್ಡಲಾಗಿ ಕಲ್ಲು ಮಣ್ಣಿನ ಕಟ್ಟ ಕಟ್ಟುತ್ತೇವಲ್ಲ, ಏತಡ್ಕದ ಕಡೆ ಈಗಲೂ ಚೆನ್ನಾಗಿ ನಡೆಯುತ್ತದೆ, ನಮ್ಮಲ್ಲಿ ಜನ ಸಿಗದೆ ಒಂದೊಂದೇ ನಿಲ್ಲುತ್ತಿದೆ. ಕಲ್ಲು ಜೋಡಿಸಬೇಕು, ಮಣ್ಣು ಹೊರಬೇಕು, ಸೊಂಟದವರೆಗಿನ ನೀರಿನಲ್ಲಿ ನಿಲ್ಲಬೇಕು. ಒಬ್ಬನಿಂದ ಆಗುವ ಕೆಲಸ ಅಲ್ಲ, ಎಲ್ಲರ ಜೊತೆ ನಿಂತು ಮಾಡುವುದು. ಅಲ್ಲಿ ಯಾರೂ ಅವನನ್ನು ಕಳ್ಳ ಅಂತ ನೋಡುತ್ತಾ ನಿಲ್ಲಲು ಪುರುಸೊತ್ತು ಇರುವುದಿಲ್ಲ. ಆ ನೀರು ಬೇಸಗೆಯಲ್ಲಿ ತೋಟದವರ ಬಾವಿಗೂ ಬರುತ್ತದೆ, ಕೆಳಗಿನ ಅವನ ಮನೆಯ ಬಾವಿಗೂ ಬರುತ್ತದೆ.

ನೀವು ಅವರ ಮನೆಗೆ ಹೋಗುವುದಿದ್ದರೆ ನಾನೂ ಬರುತ್ತೇನೆ. ಕನ್ನಡದಲ್ಲಿ ಅರ್ಜಿ ಬರೆದುಕೊಡುವುದಿದ್ದರೂ ಬರೆದುಕೊಡುತ್ತೇನೆ.

ಕುಂಬಳೆ ಅಂಗಡಿ

ಮಾಷ್ಟ್ರೇ, ನೀವು ಹೇಳಿದ ಎರಡನೇ ಹುಡುಗನ ಹಾಗೆ ನನ್ನವನು. ಅವನಿಗೆ ಬೆನ್ನ ಹಿಂದೆ ಯಾರೂ ಇರಲಿಲ್ಲ, ಅದು ನಿಜ. ನಾನು ಬಿಟ್ಟೆ, ಆಮೇಲೆ ಅವನ ಕಡೆ ತಿರುಗಿ ನೋಡಲಿಲ್ಲ. ಬಿಟ್ಟದ್ದು ದಯೆಯಿಂದ ಅಂತ ಅಂದುಕೊಂಡಿದ್ದೆ. ನಿಜ ಹೇಳಬೇಕಾದರೆ ಕೋರ್ಟಿಗೆ ಅಲೆಯಲು ಆಗದೆ ಬಿಟ್ಟದ್ದು.

ಹಾಗಂತ ಎಲ್ಲವನ್ನೂ ಒಪ್ಪಿದೆ ಅಂತಲ್ಲ. ಕಳೆದುಕೊಂಡವರನ್ನು ಒಂದು ಮಾತು ಕೇಳದೆ ಕೋರ್ಟಿನಲ್ಲಿ ಯಾವ ತೀರ್ಮಾನವೂ ಆಗಬಾರದು. ನನ್ನ ಕೇಸಿನಲ್ಲಿ ಸಾಕ್ಷಿ ಹೇಳಲು ಕರೆದರು, ಹೇಳಿದೆ, ಹೋಗಿ ಅಂದರು. ಏನಾಯಿತು ಅಂತ ಇವತ್ತಿಗೂ ಗೊತ್ತಿಲ್ಲ.

ತೋಟದವ, ಬದಿಯಡ್ಕ ಹತ್ತಿರ

ಭಾನುವಾರ ಮಾಷ್ಟ್ರು ಬಂದಿದ್ದರು, ಇಬ್ಬರೂ ಕೆಳಗೆ ಅವರ ಮನೆಗೆ ಹೋದೆವು. ಹತ್ತು ನಿಮಿಷದ ದಾರಿ, ಆದರೆ ನಾನು ಆ ಮನೆಯ ಒಳಗೆ ಹೋದದ್ದು ಎಷ್ಟೋ ವರ್ಷದ ಮೇಲೆ.

ತಾಯಿ ಚಾ ಮಾಡಿದರು. ನಾವು ಮಾತು ಶುರು ಮಾಡುವ ಮೊದಲೇ ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ತೊಟ್ಟೆ ತಂದು ನನ್ನ ಮುಂದೆ ಇಟ್ಟರು. ಒಳಗೆ 5,000 ರೂಪಾಯಿ, ಹೆಂಗಸರ ಸ್ವಸಹಾಯ ಗುಂಪು ಕುಟುಂಬಶ್ರೀಯಿಂದ ಸಾಲ ತೆಗೆದದ್ದಂತೆ. ಅಡಿಕೆ ಸಿಕ್ಕಿದೆ, ಇದು ಯಾಕೆ ಅಂದೆ. "ಕೋರ್ಟಿನಲ್ಲಿ ದಂಡ ಹಾಕುತ್ತಾರಲ್ಲ, ಮೊದಲೇ ನಿಮಗೆ ಕೊಟ್ಟರೆ ಕಡಿಮೆ ಆಗಬಹುದು ಅಂತ" ಅಂದರು. ವಾಪಸ್ ಅವರ ಕೈಯಲ್ಲಿಟ್ಟೆ. ತೆಗೆದುಕೊಳ್ಳಲಿಲ್ಲ. ಕೊನೆಗೆ ಮಾಷ್ಟ್ರು ಗದರಿಸಿದ ಮೇಲೆ ತೆಗೆದುಕೊಂಡು ಅಕ್ಕಿ ಡಬ್ಬದ ಹಿಂದೆ ಇಟ್ಟರು.

ಹುಡುಗ ಬಾಗಿಲಿನ ಹತ್ತಿರ ನಿಂತಿದ್ದ. ಏನು ಹೇಳುತ್ತೀಯಾ ಅಂತ ಕೇಳಿದೆ. ತುಂಬಾ ಹೊತ್ತು ಏನೂ ಹೇಳಲಿಲ್ಲ. ಆಮೇಲೆ "ಅಮ್ಮನಿಗೆ ನಿಮ್ಮಲ್ಲಿ ಕೆಲಸ ಹೋಯಿತಲ್ಲ" ಅಂದ. ನನಗೆ ಅದು ಹೊಳೆದೇ ಇರಲಿಲ್ಲ. ನಾನು ಅವರನ್ನು ಬರಬೇಡಿ ಅಂತ ಹೇಳಿರಲಿಲ್ಲ, ಅವರೇ ಬರುವುದು ನಿಲ್ಲಿಸಿದ್ದು. ಆದರೆ ಬನ್ನಿ ಅಂತಲೂ ಹೇಳಿರಲಿಲ್ಲ. ಮುಂದಿನ ಸೋಮವಾರದಿಂದ ಬರಲು ಹೇಳಿ ಬಂದಿದ್ದೇನೆ.

ಕಟ್ಟದ ವಿಷಯ ಮಾಷ್ಟ್ರೇ ಎತ್ತಿದರು. ಬರುತ್ತೇನೆ ಅಂದ. ಬರುತ್ತಾನೋ ನೋಡಬೇಕು. ಸಾಲದ ಆಪ್‌ನವರ ಕಾಟ ಇನ್ನೂ ನಿಂತಿಲ್ಲ, ಅದಕ್ಕೆ ಬೇರೆಯೇ ಏನಾದರೂ ಮಾಡಬೇಕು.

ವಕೀಲರೇ, ಚಾರ್ಜ್‌ಶೀಟ್ ಇವತ್ತು ತೆಗೆಸಿ ನೋಡಿದೆ. ಮೇಲೆ "ಮನೆಯಿಂದ" ಅಂತ ಇದ್ದರೂ ಕಲಂ ಹಾಕಿರುವುದು 303(2). ಹಾಗಾದರೆ ರಾಜಿ ಇಲ್ಲೇ ಆಗುತ್ತದೆ ಅಲ್ವಾ? ಕೇಸ್ ಇರುವುದು ಬರುವ 14ಕ್ಕೆ. ಅದಕ್ಕೆ ಮೊದಲು ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಲು ನಾನು ಒಬ್ಬನೇ ಬಂದರೆ ಸಾಕಾ, ಅವನನ್ನೂ ತಾಯಿಯನ್ನೂ ಕರೆದುಕೊಂಡು ಬರಬೇಕಾ? ಬೆಳಗ್ಗೆ ಎಂಟೂವರೆಯ ಬಸ್ಸಿಗೆ ಹೊರಟರೆ ವಿದ್ಯಾನಗರಕ್ಕೆ ಹತ್ತರೊಳಗೆ ಮುಟ್ಟುತ್ತೇವೆ.